ಹಳೆಯ ಅಂಬಾಸಿಡರ್‌ಗೆ ಗೇರ್ ರಿಡಕ್ಷನ್ ಸೆಲ್ಫ್ ಮೋಟಾರು: ಕೂರಿಸುವ ಮತ್ತು ವೈರಿಂಗ್ ಮಾಡುವ ಕ್ರಮ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹಳೆಯ ಅಂಬಾಸಿಡರ್ ಉಳಿಸಿಕೊಂಡವರ ಬೇಸಿಗೆಯ ದೂರು ಬಹುಮಟ್ಟಿಗೆ ಒಂದೇ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆದ ಗಾಡಿಯನ್ನು ಬಿಸಿಲಿನಲ್ಲಿ ಸಂಡೂರಿನವರೆಗೆ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ‘ಟಕ್’ ಎಂದು ಸದ್ದಾಗಿ ಸುಮ್ಮನಾಗುತ್ತದೆ. ಇಲ್ಲವೇ ಎಂಜಿನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಗ್ಯಾರೇಜಿಗೆ ಒಯ್ದರೆ “ಸೆಲ್ಫ್ ಹೋಗೈತ್ರೀ ಸಾರ್, ಹೊಸದು ಹಾಕಿಸಿಬಿಡ್ರಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಗೇರ್ ರಿಡಕ್ಷನ್ ಮಾದರಿಯ ಹೊಸ ಮೋಟಾರು ಈ ತೊಂದರೆಗೆ ಒಳ್ಳೆಯ ಪರಿಹಾರವೇ ಹೌದು. ಆದರೆ ಅದನ್ನು ಹಳೆಯ ಕೇಬಲ್ಲು, ಹಳೆಯ ಅರ್ಥಿಂಗು (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಹಿಂತಿರುಗುವ ಜೋಡಣೆ), ಹಳೆಯ ಸೊಲೆನಾಯ್ಡುಗಳಿಗೆ (ಸೆಲ್ಫಿಗೆ ಕರೆಂಟು ಬಿಡುವ ಸ್ವಿಚ್ಚು) ಇದ್ದ ಹಾಗೆಯೇ ತಗುಲಿಸಿದರೆ ದುಡ್ಡು ಖರ್ಚಾದದ್ದಷ್ಟೇ ಬಂತು. ಈ ಕೆಲಸದಲ್ಲಿ ಮೋಟಾರು ಕೂರಿಸುವುದು ಕಾಲು ಭಾಗವಾದರೆ ವೈರಿಂಗ್ ಮುಕ್ಕಾಲು ಭಾಗ.

ಇಲ್ಲಿ ಹೇಳುತ್ತಿರುವುದು 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್ ಕುರಿತು. ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಈ ಕಾರಿನ ವಿದ್ಯುತ್ ಜೋಡಣೆ ಕಾಲಕಾಲಕ್ಕೆ ಬದಲಾಗಿದೆ. ಅದರ ಮೇಲೆ ಮೂವತ್ತು ನಲವತ್ತು ವರ್ಷಗಳಲ್ಲಿ ಹತ್ತಾರು ಕೈಗಳು ಆಡಿವೆ. ಆದ್ದರಿಂದ ವೈರಿನ ಬಣ್ಣವನ್ನು ನಂಬದೆ, ಪ್ರತಿಯೊಂದನ್ನೂ ಮೀಟರ್ ಹಿಡಿದು ಖಚಿತಪಡಿಸಿಕೊಂಡೇ ಮುಂದುವರಿಯಬೇಕು.

ಎರಡು ಮಾದರಿಗಳ ವ್ಯತ್ಯಾಸ

ಹಳೆಯ ಮೋಟಾರು ಇನರ್ಶಿಯಾ ಮಾದರಿಯದು. ಕರೆಂಟು ಸಿಕ್ಕೊಡನೆ ಆರ್ಮೇಚರ್ (ಮೋಟಾರಿನ ಒಳಗೆ ತಿರುಗುವ ಭಾಗ) ಜೋರಾಗಿ ತಿರುಗುತ್ತದೆ; ಸುರುಳಿ ಹಲ್ಲಿನ ಶಾಫ್ಟಿನ ಮೇಲಿರುವ ಬೆಂಡಿಕ್ಸ್ ಪಿನಿಯನ್ನು (ಚಿಕ್ಕ ಹಲ್ಲುಚಕ್ರ) ತನ್ನ ಜಡತ್ವದಿಂದಾಗಿ ಆ ವೇಗಕ್ಕೆ ಕೂಡಲೇ ಬಾರದೆ, ಸುರುಳಿಯ ಗುಂಟ ಸರಿದು ಫ್ಲೈವೀಲಿನ (ಎಂಜಿನ್ನಿನ ಹಿಂದಿನ ಭಾರದ ಚಕ್ರ) ಅಂಚಿನಲ್ಲಿರುವ ಹಲ್ಲಿನ ಬಳೆಗೆ, ಅಂದರೆ ರಿಂಗ್ ಗೇರಿಗೆ ಬಡಿದು ಸೇರಿಕೊಳ್ಳುತ್ತದೆ. ಇದರ ಸೊಲೆನಾಯ್ಡ್ ಮೋಟಾರಿನ ಮೇಲಿರುವುದಿಲ್ಲ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ಬೇರೆಯಾಗಿ ಇರುತ್ತದೆ. ಅದು ದೊಡ್ಡ ಸ್ವಿಚ್ಚೇ ಹೊರತು ಬೇರೇನೂ ಅಲ್ಲ.

ಹೊಸ ಮಾದರಿಯಲ್ಲಿ ಸೊಲೆನಾಯ್ಡ್ ಮೋಟಾರಿನ ಮೈಮೇಲೆಯೇ ಕುಳಿತಿರುತ್ತದೆ. ಅದು ಮೊದಲು ಫೋರ್ಕಿನ ಮೂಲಕ ಪಿನಿಯನ್ನನ್ನು ರಿಂಗ್ ಗೇರಿನೊಳಕ್ಕೆ ತಳ್ಳಿ, ಹಲ್ಲುಗಳು ಸೇರಿದ ಮೇಲಷ್ಟೇ ಮುಖ್ಯ ಕರೆಂಟನ್ನು ಬಿಡುತ್ತದೆ. ಒಳಗಿನ ಸಣ್ಣ ಮೋಟಾರು ಮೂರೂವರೆಯಿಂದ ನಾಲ್ಕು ಸುತ್ತು ಸುತ್ತಿದರೆ ಪಿನಿಯನ್ನು ಒಂದು ಸುತ್ತು ಸುತ್ತುವಂತೆ ನಡುವೆ ಗೇರುಗಳಿರುವುದರಿಂದ ಕಡಿಮೆ ಕರೆಂಟಿನಲ್ಲಿ ಹೆಚ್ಚು ಬಲ ಸಿಗುತ್ತದೆ. ತೂಕವೂ ಗಣನೀಯವಾಗಿ ಕಡಿಮೆ. ನಿಮ್ಮ ಕಾರಿನ ಮೋಟಾರಿನ ಬೆನ್ನ ಮೇಲೆ ಈಗಾಗಲೇ ಕೊಳವೆಯಾಕಾರದ ಸೊಲೆನಾಯ್ಡ್ ಇದ್ದರೆ ಅದು ಬೆಂಡಿಕ್ಸ್ ಮಾದರಿಯದಲ್ಲ; ಹಿಂದಿನ ಮಾಲೀಕರು ಈ ಬದಲಾವಣೆಯನ್ನು ಮಾಡಿಸಿರಬಹುದು. ಹಾಗಾಗಿದ್ದರೆ ನಿಮಗೆ ವೈರಿಂಗ್ ಭಾಗವೊಂದೇ ಸಾಕು.

ಕೊಳ್ಳುವ ಮೊದಲು ಅಳೆಯಿರಿ

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಇಗ್ನಿಷನ್ ಕಾಯಿಲಿನ ಸಣ್ಣ ವೈರನ್ನು ಬಿಚ್ಚಿ ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಿಕೊಳ್ಳಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಮಲ್ಟಿಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು, ಒಬ್ಬರಿಗೆ ಕೀ ತಿರುಗಿಸಲು ಹೇಳಿ, ಎಂಜಿನ್ ತಿರುಗುತ್ತಿರುವಾಗಲೇ ಮೂರು ಅಳತೆಗಳನ್ನು ತೆಗೆದುಕೊಳ್ಳಬೇಕು. ಮೀಟರಿನ ಮೊನೆ ಬ್ಯಾಟರಿಯ ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ ತಾಗಬೇಕು. ಎಷ್ಟೋ ಸಲ ದೋಷ ಅಡಗಿರುವುದು ಆ ಕಂಬಕ್ಕೂ ಕ್ಲ್ಯಾಂಪಿಗೂ ನಡುವಿನ ಬಿಳಿ ಪುಡಿಯಲ್ಲಿ.

ಮೊದಲನೆಯದು, ಬ್ಯಾಟರಿಯ ಎರಡು ಕಂಬಗಳ ನಡುವಿನ ವೋಲ್ಟೇಜು. ಅದು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೇ ಮೊದಲು ಪರೀಕ್ಷೆಗೆ ಕೊಡಿ. ಎರಡನೆಯದು, ಬ್ಯಾಟರಿಯ ಲೈವ್ (ಬಾಡಿಗೆ ಸೇರದ) ಕಂಬದಿಂದ ಮೋಟಾರಿನ ಟರ್ಮಿನಲ್‌ವರೆಗಿನ ನಷ್ಟ. ಇದು ಅರ್ಧ ವೋಲ್ಟನ್ನು ಮೀರಬಾರದು. ಮೂರನೆಯದು, ಬ್ಯಾಟರಿಯ ಅರ್ಥ್ ಕಂಬದಿಂದ ಮೋಟಾರಿನ ಮೈವರೆಗಿನ ನಷ್ಟ, ಇದು 0.2 ವೋಲ್ಟಿನೊಳಗೆ ಇರಬೇಕು. ಇಲ್ಲಿ ಒಂದು ವೋಲ್ಟು ಕಂಡಿತೆಂದರೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಇಲ್ಲವೇ ಇಲ್ಲ. ಎಂಜಿನ್ ರಬ್ಬರಿನ ಮೌಂಟಿಂಗಿನ ಮೇಲೆ ಕುಳಿತಿರುವುದರಿಂದ ಆ ಪಟ್ಟಿ ಕೆಟ್ಟಾಗ ಕರೆಂಟು ಚೋಕ್ ಕೇಬಲ್ಲನ್ನೋ ಆಕ್ಸಿಲರೇಟರ್ ಕೇಬಲ್ಲನ್ನೋ ಹಿಡಿದು ಹಿಂತಿರುಗುತ್ತದೆ. ಸೆಲ್ಫ್ ಹೊಡೆದಾಗ ಚೋಕಿನ ಗುಂಡಿ ಬಿಸಿಯಾಗುವುದು ಈ ಕಾರಣಕ್ಕೇ.

ಎರಡನೆಯ ಅಥವಾ ಮೂರನೆಯ ಅಳತೆ ಕೆಟ್ಟದಾಗಿದ್ದರೆ ಮೊದಲು ಕೇಬಲ್ಲು, ಪಟ್ಟಿಗಳನ್ನು ಬದಲಿಸಿ ಒಂದು ವಾರ ಓಡಿಸಿ ನೋಡಿ. ಅಷ್ಟಕ್ಕೇ ಸರಿಹೋದರೆ, ಗಾಡಿಯನ್ನು ಭಾನುವಾರಕ್ಕೊಮ್ಮೆ ತೆಗೆಯುವವರಿಗೆ ಹೊಸ ಮೋಟಾರಿನ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಬಿಸಿ ಎಂಜಿನ್ ಸೆಲ್ಫಿಗೆ ಎದುರು ಒದ್ದಂತೆ ಅನ್ನಿಸಿದರೆ ಇಗ್ನಿಷನ್ ಟೈಮಿಂಗ್ ಮುಂದಾಗಿದೆಯೇ ಎಂಬುದನ್ನೂ ನೋಡಿಸಬೇಕು. ಆ ದೋಷವನ್ನು ಯಾವ ಮೋಟಾರೂ ಸರಿಪಡಿಸುವುದಿಲ್ಲ. ಮೋಟಾರಿನ ಟರ್ಮಿನಲ್ಲಿನಲ್ಲಿ 10 ವೋಲ್ಟಿನಷ್ಟು ಸಿಕ್ಕಿಯೂ ಅದು ಎಳೆಯುತ್ತಿಲ್ಲವಾದರೆ ಮಾತ್ರ ಕಾರ್ಬನ್, ಬುಶ್ ಸವೆದಿವೆ ಎನ್ನಬಹುದು.

ಮೋಟಾರಿನ ಆಯ್ಕೆ

ಇಲ್ಲಿ ‘ಎಲ್ಲದಕ್ಕೂ ಕೂರುತ್ತದೆ’ ಎನ್ನುವ ಅಂಗಡಿಯವರ ಮಾತಿಗೆ ಕಿವಿಗೊಡಬೇಡಿ. ಹಳೆಯ ಮೋಟಾರನ್ನು ಬಿಚ್ಚಿಕೊಂಡೇ ಅಂಗಡಿಗೆ ಹೋಗಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಪಿನಿಯನ್ನಿನ ಹಲ್ಲುಗಳ ಸಂಖ್ಯೆ, ಹಲ್ಲಿನ ಗಾತ್ರ, ತಿರುಗುವ ದಿಕ್ಕು, ಬೋಲ್ಟಿನ ತೂತುಗಳ ಅಂತರ, ಮೂತಿಯಲ್ಲಿರುವ ದುಂಡು ಅಂಚಿನ ವ್ಯಾಸ ಇವೆಲ್ಲ ಹೊಂದಬೇಕು. ಈ ಎಂಜಿನ್ನಿನಲ್ಲಿ ಆ ದುಂಡು ಅಂಚು ಹಿಂಬದಿಯ ಪ್ಲೇಟಿನ ತೂತಿನಲ್ಲಿ ಬಿಗಿಯಾಗಿ ಕುಳಿತು ಪಿನಿಯನ್ನಿಗೂ ರಿಂಗ್ ಗೇರಿಗೂ ಇರುವ ಕೇಂದ್ರಾಂತರವನ್ನು ನಿಗದಿ ಮಾಡುತ್ತದೆ. ಆದ್ದರಿಂದ ಹಲ್ಲು ಹೊಂದದ ಮೋಟಾರನ್ನು ವಾಷರ್ ಕೊಟ್ಟು ಸರಿಪಡಿಸಲು ಬರುವುದಿಲ್ಲ. ವಾಷರು ಮೋಟಾರನ್ನು ಹಿಂದೆ ಮುಂದೆ ಸರಿಸುತ್ತದೆಯೇ ಹೊರತು ಮೇಲೆ ಕೆಳಗೆ ಅಲ್ಲ.

ಇನ್ನೊಂದು ಸೂಕ್ಷ್ಮ ವಿಷಯ ಅರ್ಥಿಂಗಿನದು. ಡೈನಮೋ ಇರುವ ಮೊದಲ ಕಾಲದ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಂಬ ಬಾಡಿಗೆ ಸೇರಿರುವ ಸಾಧ್ಯತೆ ಇದೆ. ಹಳೆಯ ಮೋಟಾರಿನ ಫೀಲ್ಡ್ (ಆರ್ಮೇಚರಿನ ಸುತ್ತ ಕಾಂತಬಲ ಕೊಡುವ ಭಾಗ) ಕೂಡ ತಂತಿ ಸುತ್ತಿದ್ದಾದ್ದರಿಂದ ಪ್ಲಸ್ ಮೈನಸ್ ಅದಲುಬದಲಾದರೂ ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಹೊಸ ಮೋಟಾರುಗಳಲ್ಲಿ ಹಲವಕ್ಕೆ ಫೀಲ್ಡಿನ ಜಾಗದಲ್ಲಿ ಶಾಶ್ವತ ಆಯಸ್ಕಾಂತಗಳಿರುತ್ತವೆ. ಅಂಥದ್ದನ್ನು ಪಾಸಿಟಿವ್ ಅರ್ಥ್ ಕಾರಿಗೆ ಹಾಕಿದರೆ ಅದು ಉಲ್ಟಾ ತಿರುಗುತ್ತದೆ, ಪಿನಿಯನ್ನಿನ ಒಂದುಮುಖ ಕ್ಲಚ್ ಜಾರುತ್ತದೆ, ಮೋಟಾರು ಗುಂಯ್‌ಗುಟ್ಟುತ್ತದೆ, ಎಂಜಿನ್ ಮಾತ್ರ ಅಲುಗುವುದಿಲ್ಲ. ಇದಕ್ಕೆ ಎರಡು ದಾರಿ: ತಂತಿ ಫೀಲ್ಡಿನ ಮೋಟಾರನ್ನೇ ಹುಡುಕುವುದು, ಅಥವಾ ಇಡೀ ಕಾರನ್ನು ನೆಗೆಟಿವ್ ಅರ್ಥಿಗೆ ಬದಲಿಸುವುದು. ಬದಲಿಸುವುದಾದರೆ ಬ್ಯಾಟರಿಯ ಜೊತೆಗೆ ಕಾಯಿಲ್ ಮತ್ತು ಆಮೀಟರಿನ ವೈರುಗಳನ್ನು ಅದಲುಬದಲು ಮಾಡಬೇಕು, ಡೈನಮೋದ ಫೀಲ್ಡಿಗೆ ಬ್ಯಾಟರಿಯಿಂದ ಒಂದು ಕ್ಷಣ ಕರೆಂಟು ತಾಗಿಸಿ ಅದರ ಧ್ರುವವನ್ನು ಬದಲಿಸಬೇಕು. ಇದನ್ನು ಅನುಭವವಿರುವ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸುವುದು ಕ್ಷೇಮ.

ಹಳೆಯದನ್ನು ಇಳಿಸುವುದು

ಎಂಜಿನ್ ತಣ್ಣಗಿರುವಾಗ ಕೆಲಸ ಆರಂಭಿಸಿ. ಬಾಡಿಗೆ ಸೇರಿರುವ ಬ್ಯಾಟರಿ ಕಂಬದ ಕ್ಲ್ಯಾಂಪನ್ನು ಮೊದಲು ಬಿಚ್ಚಬೇಕು, ಕೊನೆಯಲ್ಲಿ ಸೇರಿಸಬೇಕು. ಆಗ ಪಾನಾ ಜಾರಿ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಮುಂಭಾಗವನ್ನು ಜಾಕಿನಿಂದ ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಇಟ್ಟಿಗೆ ಪೇರಿಸಿ ಅದರ ಕೆಳಗೆ ಮಲಗುವ ಅಭ್ಯಾಸ ನಮ್ಮಲ್ಲಿದೆ. ಇಟ್ಟಿಗೆ ಸೀಳುವಾಗ ಮುನ್ಸೂಚನೆ ಕೊಡುವುದಿಲ್ಲ.

ಮೋಟಾರು ಡಿಸ್ಟ್ರಿಬ್ಯೂಟರ್ ಇರುವ ಬದಿಯಲ್ಲಿದೆ. ಕೇಬಲ್ ಬಿಚ್ಚಿ, ಪ್ಲೇಟಿಗೆ ಕಟ್ಟಿರುವ ಎರಡು ಬೋಲ್ಟುಗಳಲ್ಲಿ ಮೇಲಿನದನ್ನು ಬಾನೆಟ್ಟಿನ ಕಡೆಯಿಂದಲೂ ಕೆಳಗಿನದನ್ನು ಗಾಡಿಯ ಅಡಿಯಿಂದಲೂ ಸಡಿಲಿಸಬೇಕು. ಮೂಲ ಬೋಲ್ಟುಗಳು ಇಂಚಿನ ಅಳತೆಯವು. 9/16 ಇಂಚಿನ ತಲೆಗೆ 14 ಮಿ.ಮೀ. ಪಾನಾ ಹೋಗುವುದಿಲ್ಲ, 15ರದ್ದು ಹೋಗುತ್ತದೆ ಆದರೆ ಜಾರಿ ಅಂಚುಗಳನ್ನು ಉರುಟು ಮಾಡುತ್ತದೆ. ಆಗ ಅರ್ಧ ಗಂಟೆಯ ಕೆಲಸ ಒಂದು ದಿನಕ್ಕೆ ಬೆಳೆಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಒಳ್ಳೆಯದು. ಕೊನೆಯ ಬೋಲ್ಟು ಬರುವಾಗ ಮೋಟಾರಿನ ಭಾರವನ್ನು ಒಂದು ಕೈಯಲ್ಲಿ ಹಿಡಿದಿರಿ.

ರಿಂಗ್ ಗೇರನ್ನು ಓದುವುದು

ಮೋಟಾರು ಹೊರಬಂದ ತೂತಿನೊಳಗೆ ಟಾರ್ಚು ಬಿಟ್ಟು ನೋಡುವ ಈ ಹತ್ತು ನಿಮಿಷವನ್ನು ಯಾರೂ ಉಳಿಸಲು ಹೋಗಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಹ್ಯಾಂಡಲ್ ಹಾಕಿ ಎಂಜಿನ್ನನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸುತ್ತ ಪ್ರತಿ ಹಲ್ಲನ್ನೂ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಆರಿಸಿದಾಗ ಯಾವುದಾದರೊಂದು ಸಿಲಿಂಡರಿನ ಕಂಪ್ರೆಷನ್ನಿಗೆ ತಡೆದು, ಎದುರುಬದುರಾದ ಎರಡು ಜಾಗಗಳಲ್ಲೇ ಹೆಚ್ಚಾಗಿ ನಿಲ್ಲುತ್ತದೆ. ಹಾಗಾಗಿ ಬೆಂಡಿಕ್ಸಿನ ಏಟು ವರ್ಷಗಟ್ಟಲೆ ಆ ಎರಡು ಜಾಗದ ಹಲ್ಲುಗಳ ಮೇಲೆಯೇ ಬಿದ್ದಿರುತ್ತದೆ. ಬೇರೆಡೆ ಹಲ್ಲಿನ ತುದಿ ಚೌಕಾಗಿ, ಸ್ವಚ್ಛವಾಗಿ ಕಂಡರೆ ಅಲ್ಲಿ ಅಂಚು ಹೊಳೆಯುತ್ತ, ಓರೆಯಾಗಿ ಸವೆದು, ಕೆಲವು ಕಡೆ ಚೂರು ಎದ್ದಿರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹಲ್ಲುಗಳ ಓರೆ ಅಂಚು ಯಾವ ಬದಿಗಿದೆ ಎಂಬುದು. ಪಿನಿಯನ್ನು ಒಳನುಗ್ಗಲು ಅನುಕೂಲವಾಗಲೆಂದು ರಿಂಗ್ ಗೇರಿನ ಹಲ್ಲುಗಳನ್ನು ಒಂದು ಬದಿಯಲ್ಲಿ ಓರೆಯಾಗಿ ಕತ್ತರಿಸಿರುತ್ತಾರೆ. ಇನರ್ಶಿಯಾ ಮೋಟಾರುಗಳಲ್ಲಿ ಪಿನಿಯನ್ನು ಕೆಲವದರಲ್ಲಿ ಹೊರಕ್ಕೆ ಚಿಮ್ಮಿ, ಕೆಲವದರಲ್ಲಿ ಮೋಟಾರಿನ ಕಡೆಗೇ ಸರಿದು ಹಲ್ಲಿಗೆ ಸೇರುತ್ತದೆ. ಹೊಸ ಮಾದರಿಯಲ್ಲಿ ಅದು ಯಾವಾಗಲೂ ಮೋಟಾರಿನಿಂದ ಹೊರಕ್ಕೇ ಬರುತ್ತದೆ. ಓರೆ ಅಂಚು ಮೋಟಾರಿನ ಕಡೆಗೆ ಇದ್ದರೆ ನಿಶ್ಚಿಂತೆ. ಆಚೆ ಬದಿಗಿದ್ದರೆ ಪಿನಿಯನ್ನು ಚೌಕ ಅಂಚಿಗೆ ಗುದ್ದಿ ಗುದ್ದಿ ಎರಡನ್ನೂ ಹಾಳು ಮಾಡುತ್ತದೆ. ಆಗ ಗೇರ್‌ಬಾಕ್ಸ್ ಇಳಿಸಿ, ಫ್ಲೈವೀಲ್ ತೆಗೆದು, ರಿಂಗನ್ನು ಕಾಯಿಸಿ ಬಿಡಿಸಿ, ತಿರುವಿ ಹಾಕಿಸಬೇಕು ಅಥವಾ ಹೊಸ ರಿಂಗ್ ಹಾಕಿಸಬೇಕು. ಫ್ಲೈವೀಲ್ ಕೆಲಸ ಬಲ್ಲ ಲೇತ್ ಅಂಗಡಿಯಲ್ಲಿ ಇದಾಗುತ್ತದೆ. ಕೆಂಪಗೆ ಕಾಯಿಸಿದರೆ ಹಲ್ಲಿನ ಗಡಸುತನ ಹೋಗುತ್ತದೆ ಎಂಬುದನ್ನು ಮಾತ್ರ ಮೊದಲೇ ಹೇಳಿಡಿ.

ಹೊಸ ಮೋಟಾರನ್ನು ಕೂರಿಸುವುದು

ಪ್ಲೇಟಿನ ಮುಖದಲ್ಲಿರುವ ಗ್ರೀಸು, ಬಣ್ಣ, ತುಕ್ಕನ್ನು ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ಮೋಟಾರಿನ ಅರ್ಥಿಂಗ್ ಸಿಗುವುದು ಈ ಮುಖದಿಂದಲೇ. ಮೋಟಾರನ್ನು ಕೈಯಿಂದ ಒಳಗಿಟ್ಟು ಬೋಲ್ಟುಗಳನ್ನು ಬೆರಳಿನಿಂದ ಹತ್ತಿಸಿ. ಅದು ತಾನಾಗಿ ಸಮನಾಗಿ ಕೂರಬೇಕು. ಬೋಲ್ಟು ಬಿಗಿದು ಎಳೆದುಕೊಳ್ಳಲು ಹೋದರೆ ಅಲ್ಯುಮಿನಿಯಂ ಮೂತಿ ಸೀಳುತ್ತದೆ. ವಿಶ್ರಾಂತಿಯಲ್ಲಿರುವಾಗ ಪಿನಿಯನ್ನಿನ ಮುಖಕ್ಕೂ ರಿಂಗ್ ಗೇರಿಗೂ ಸುಮಾರು 3 ಮಿ.ಮೀ. ಅಂತರವಿರಬೇಕು. ಕಡಿಮೆಯಿದ್ದರೆ ಎಂಜಿನ್ ಓಡುವಾಗ ಕೆರೆಯುವ ಸದ್ದು ಬರುತ್ತದೆ, ಅಲ್ಲಿ ತೆಳುವಾದ ತಗಡಿನ ವಾಷರ್ ಕೊಡಬಹುದು. ತೀರಾ ಹೆಚ್ಚಿದ್ದರೆ ಹಲ್ಲುಗಳು ಪೂರ್ತಿ ಸೇರುವುದಿಲ್ಲ. ಸೊಲೆನಾಯ್ಡ್ ಎಣ್ಣೆ ಫಿಲ್ಟರಿಗೋ ಸ್ಟಿಯರಿಂಗ್ ಭಾಗಕ್ಕೋ ತಾಗದಂತೆ ಇದೆಯೇ ನೋಡಿ. ಎಂಜಿನ್ ಅಲುಗಾಡುತ್ತದೆ ಎಂಬುದನ್ನು ಮರೆಯದೆ ಒಂದು ಬೆರಳಿನಷ್ಟಾದರೂ ಜಾಗ ಬಿಡಬೇಕು.

ವೈರಿಂಗ್

ಹೊಸ ಸೊಲೆನಾಯ್ಡಿನ ಮೇಲೆ ಎರಡು ದಪ್ಪ ತಾಮ್ರದ ಬೋಲ್ಟುಗಳೂ ಒಂದು ಸಣ್ಣ ಟರ್ಮಿನಲ್ಲೂ ಇರುತ್ತವೆ. 30 ಎಂದು ಗುರುತಿರುವುದಕ್ಕೆ ಬ್ಯಾಟರಿಯ ಕೇಬಲ್. ಇನ್ನೊಂದು ದಪ್ಪ ಬೋಲ್ಟಿನಿಂದ ಗಿಡ್ಡನೆಯ ಪಟ್ಟಿಯೊಂದು ಮೋಟಾರಿನೊಳಕ್ಕೆ ಹೋಗಿರುತ್ತದೆ, ಅದನ್ನು ಮುಟ್ಟಬಾರದು. ತಪ್ಪಿ ಬ್ಯಾಟರಿ ಕೇಬಲ್ಲನ್ನು ಅಲ್ಲಿಗೆ ಕಟ್ಟಿದರೆ ಕೀ ಇಲ್ಲದೆಯೇ, ಪಿನಿಯನ್ನು ಸೇರದೆಯೇ ಮೋಟಾರು ಓಡತೊಡಗುತ್ತದೆ. ಸಣ್ಣದು 50, ಸೆಲ್ಫ್ ಹೊಡೆಯುವ ಸಂಕೇತದ ವೈರಿನದು.

ಕೇಬಲ್ ಎಷ್ಟು ದಪ್ಪವಿರಬೇಕು? 16 ಚದರ ಮಿ.ಮೀ. ತಾಮ್ರದ ಕೇಬಲ್ 200 ಆಂಪಿಯರ್ ಒಯ್ಯುವಾಗ ಒಂದು ಮೀಟರಿಗೆ ಸುಮಾರು 0.22 ವೋಲ್ಟ್ ನುಂಗುತ್ತದೆ. 35 ಚದರ ಮಿ.ಮೀ.ನದು ಸುಮಾರು 0.1 ವೋಲ್ಟ್ ಮಾತ್ರ. ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ಲೈವ್ ಮತ್ತು ಅರ್ಥ್ ಎರಡೂ ಕಡೆ ಸೇರಿದಾಗ, ಮೇಲಿಂದ ಎಂಜಿನ್ ಶಾಖ ಸೇರಿದಾಗ ಅದೇ ‘ಟಕ್’ ಸದ್ದಾಗುತ್ತದೆ. ತಾಮ್ರದ ಸುರುಳಿಯ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.4 ಶೇಕಡಾ ಏರುತ್ತದೆ. 30 ಡಿಗ್ರಿಯಲ್ಲಿದ್ದ ಸೊಲೆನಾಯ್ಡ್ 100 ಡಿಗ್ರಿಗೆ ಕಾದರೆ ಅದರ ಸುರುಳಿಯಲ್ಲಿ ಹರಿಯುವ ಕರೆಂಟಿನ ಐದನೆಯ ಒಂದು ಭಾಗದಷ್ಟು ಅಲ್ಲೇ ಹೋಯಿತು, ಎಳೆಯುವ ಶಕ್ತಿಯೂ ಅದರೊಂದಿಗೆ ಇಳಿಯಿತು. ಹೊರಗೆ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಬಾನೆಟ್ಟಿನ ಒಳಗೆ ಇದು ದೊಡ್ಡ ಮಾತಲ್ಲ. ಆದ್ದರಿಂದ ಲೈವ್‌ಗೂ ಅರ್ಥಿಗೂ 35 ಚದರ ಮಿ.ಮೀ. ಕೇಬಲ್ಲನ್ನೇ ಹಾಕಿ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಾಗಿ ಈ ಭಾಗದಲ್ಲಿ ವೆಲ್ಡಿಂಗ್ ಕೇಬಲ್ ಸುಲಭವಾಗಿ ಸಿಗುತ್ತದೆ. ಬಳುಕುವ ಗುಣ ಇರುವುದರಿಂದ ಈ ಕೆಲಸಕ್ಕೆ ಒಪ್ಪುತ್ತದೆ. ಆದರೆ ಅಲ್ಯುಮಿನಿಯಂ ಎಳೆಗಳ ಕೇಬಲ್ಲೂ, ಮೇಲೆ ತಾಮ್ರದ ಲೇಪ ಮಾತ್ರವಿರುವ ಕೇಬಲ್ಲೂ ಅದೇ ಅಂಗಡಿಯಲ್ಲಿರುತ್ತವೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ಒಳಗೂ ಕೆಂಪಾಗಿದೆಯೇ ನೋಡಿ ಕೊಳ್ಳಿ. ತುದಿಗೆ ಹಾಕುವ ತಾಮ್ರದ ಥಿಂಬಲ್ಲುಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡದೆ, ಬೋರ್‌ವೆಲ್ ಪಂಪಿನ ಪ್ಯಾನೆಲ್ ಕಟ್ಟುವವರ ಬಳಿ ಇರುವ ಹೈಡ್ರಾಲಿಕ್ ಯಂತ್ರದಲ್ಲಿ ಒತ್ತಿಸಿ. ಸರಿಯಾಗಿ ಒತ್ತಿದ ಥಿಂಬಲ್ಲನ್ನು ಹಿಡಿದು ತಿರುಚಿದರೆ ಒಳಗಿನ ಎಳೆಗಳು ಒಂದಿಷ್ಟೂ ಅಲುಗಬಾರದು. ಹಳೆಯ ಥಿಂಬಲ್ಲಿನ ತೂತು ಹೊಸ 8 ಮಿ.ಮೀ. ಬೋಲ್ಟಿಗೆ ಹೊಂದದಿದ್ದರೆ ಅದನ್ನು ಡ್ರಿಲ್ ಮಾಡದೆ ಹೊಸದನ್ನೇ ಹಾಕಿ.

ಈಗ ಸಂಕೇತದ ವೈರಿನ ಮಾತು. ಎಲ್ಲೆಡೆ ಮಾಡುವ ಸುಲಭದ ಜೋಡಣೆ ಹೀಗಿರುತ್ತದೆ: ಗೋಡೆಯ ಮೇಲಿನ ಹಳೆಯ ಸೊಲೆನಾಯ್ಡಿನಿಂದ ಬರುವ ದಪ್ಪ ಕೇಬಲ್ಲನ್ನು ಹೊಸ ಮೋಟಾರಿನ 30ಕ್ಕೆ ಕಟ್ಟಿ, 30ರಿಂದ 50ಕ್ಕೆ ಒಂದು ತುಂಡು ವೈರು ಹಾಕಿಬಿಡುವುದು. ಇದು ಕೆಲಸ ಮಾಡುತ್ತದೆ, ಆದರೆ ಒಪ್ಪತಕ್ಕದ್ದಲ್ಲ. ಕೀ ಬಿಟ್ಟ ಮೇಲೂ ಸುತ್ತುತ್ತಿರುವ ಆಯಸ್ಕಾಂತದ ಮೋಟಾರು ತಾನೇ ಜನರೇಟರಾಗಿ, ತನ್ನ ಸೊಲೆನಾಯ್ಡಿಗೆ ತಾನೇ ಕರೆಂಟು ಕೊಡುತ್ತ ಪಿನಿಯನ್ನನ್ನು ಒಂದೆರಡು ಕ್ಷಣ ಹೆಚ್ಚಿಗೆ ಹಿಡಿದಿಡುತ್ತದೆ. ಅಷ್ಟರಲ್ಲಿ ಎಂಜಿನ್ ವೇಗ ಹಿಡಿದು ಕ್ಲಚ್ ಸವೆಯುತ್ತದೆ.

ನಾನು ಒಪ್ಪುವ ಜೋಡಣೆ ಬೇರೆ. ಬ್ಯಾಟರಿಯಿಂದ ಹೊಸ 35ರ ಕೇಬಲ್ ನೇರವಾಗಿ ಮೋಟಾರಿನ 30ಕ್ಕೆ ಹೋಗಲಿ. ಹಳೆಯ ಸೊಲೆನಾಯ್ಡನ್ನು ಇದ್ದಲ್ಲೇ ಉಳಿಸಿ. ದೀಪ, ಇಗ್ನಿಷನ್ ಮುಂತಾದವುಗಳಿಗೆ ಕರೆಂಟು ಹಂಚುವ ವೈರುಗಳು ಅದರ ಬ್ಯಾಟರಿ ಬದಿಯ ಬೋಲ್ಟಿನಲ್ಲಿದ್ದರೆ ಅವೂ, ಬ್ಯಾಟರಿಯಿಂದ ಅಲ್ಲಿಗೆ ಬರುವ ಹಳೆಯ ಕೇಬಲ್ಲೂ ಹಾಗೆಯೇ ಇರಲಿ. ಅದರ ಇನ್ನೊಂದು ಬೋಲ್ಟಿನಿಂದ ಮೋಟಾರಿಗೆ ಹೋಗುತ್ತಿದ್ದ ದಪ್ಪ ಕೇಬಲ್ಲನ್ನು ತೆಗೆದು, ಆ ಜಾಗದಿಂದ 30 ಆಂಪಿಯರ್ ಫ್ಯೂಸಿನ ಮೂಲಕ 4 ಅಥವಾ 6 ಚದರ ಮಿ.ಮೀ. ವೈರನ್ನು ಹೊಸ ಮೋಟಾರಿನ 50ಕ್ಕೆ ಎಳೆಯಿರಿ. ಹೀಗೆ ಹಳೆಯ ಸೊಲೆನಾಯ್ಡ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು, ಆಗುತ್ತದೆ. ಹೊಸ ಸೊಲೆನಾಯ್ಡಿನ ಎಳೆಯುವ ಸುರುಳಿ ಮೊದಲ ಕ್ಷಣದಲ್ಲಿ 30ರಿಂದ 40 ಆಂಪಿಯರ್ ಬೇಡುತ್ತದೆ. ಆ ಹೊರೆ ಕೀ ಸ್ವಿಚ್ಚಿನ ಸಣ್ಣ ಕಾಂಟ್ಯಾಕ್ಟಿನ ಮೇಲೆ ಬೀಳದೆ ಇದರ ಮೇಲೆ ಬೀಳುತ್ತದೆ. ಕೆಳಭಾಗದಲ್ಲಿ ರಬ್ಬರಿನ ಗುಂಡಿ ಇರುವ ಸೊಲೆನಾಯ್ಡಾದರೆ, ಬಾನೆಟ್ ತೆರೆದು ಅದನ್ನೊತ್ತಿ ಸೆಲ್ಫ್ ಹೊಡೆಯುವ ಹಳೆಯ ಅನುಕೂಲವೂ ಉಳಿಯುತ್ತದೆ.

ಹಳೆಯದು ಕೆಟ್ಟಿದ್ದರೆ 40 ಆಂಪಿಯರಿನ ಸಾಮಾನ್ಯ ನಾಲ್ಕು ಕಾಲಿನ ರಿಲೇ ಸಾಕು: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿದ ವೈರು, 87ರಿಂದ ಮೋಟಾರಿನ 50ಕ್ಕೆ, 86ಕ್ಕೆ ಕೀ ಸ್ವಿಚ್ಚಿನ ಸೆಲ್ಫ್ ವೈರು, 85 ಬಾಡಿಗೆ. ರಿಲೇಯ ಕಾಲುಗಳು ಕೆಳಮುಖವಾಗಿರುವಂತೆ ಕಟ್ಟಿದರೆ ನೀರು ನಿಲ್ಲುವುದಿಲ್ಲ.

ಮುಖ್ಯ ಕೇಬಲ್ಲಿಗೆ ಫ್ಯೂಸ್ ಇರುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಎಲ್ಲಿ ಉಜ್ಜಿದರೂ ಬೆಂಕಿಯೇ. ಪೂರ್ತಿ ಉದ್ದಕ್ಕೂ ಸುಕ್ಕು ಪೈಪಿನೊಳಗೆ ತೂರಿಸಿ, ಸ್ಟಿಯರಿಂಗ್ ಕಂಬದಿಂದಲೂ ತಗಡಿನ ಚೂಪು ಅಂಚುಗಳಿಂದಲೂ ದೂರವಿಟ್ಟು, ಗೇಣಿಗೊಂದರಂತೆ ರಬ್ಬರಿನ ಕ್ಲಿಪ್ಪಿನಿಂದ ಕಟ್ಟಿ. ತಾಮ್ರದ ಬೋಲ್ಟಿನ ನಟ್ಟು ಬಿಗಿಯುವಾಗ ಕೆಳಗಿನ ನಟ್ಟನ್ನು ಇನ್ನೊಂದು ಪಾನಾದಿಂದ ಹಿಡಿಯಿರಿ. ಇಲ್ಲವಾದರೆ ಬೋಲ್ಟೇ ತಿರುಗಿ ಸೊಲೆನಾಯ್ಡಿನ ಮುಚ್ಚಳ ಒಡೆಯುತ್ತದೆ. ಮೇಲೆ ರಬ್ಬರ್ ಟೋಪಿ ಹಾಕಿ. ಗೇರ್‌ಬಾಕ್ಸಿನ ಅಥವಾ ಎಂಜಿನ್ನಿನ ಬೋಲ್ಟಿನಿಂದ ಬಾಡಿಗೆ ಹೊಸ ಅರ್ಥ್ ಪಟ್ಟಿ ಹಾಕುವಾಗ ಎರಡೂ ತುದಿಯಲ್ಲಿ ಬಣ್ಣ ಕೆರೆದು, ಬಿಗಿದ ಮೇಲೆ ಗ್ರೀಸ್ ಸವರಿ.

ಪರೀಕ್ಷೆ ಮತ್ತು ಆಮೇಲಿನ ನಿಗಾ

ಬ್ಯಾಟರಿ ಸೇರಿಸುವಾಗ ಮೋಟಾರು ತಾನಾಗಿ ಅಲುಗಬಾರದು, ಕಿಡಿಯೂ ಬರಬಾರದು. ಕಾಯಿಲಿನ ವೈರು ಬಿಚ್ಚಿರುವಾಗಲೇ ಐದು ಸೆಕೆಂಡು ಸೆಲ್ಫ್ ಹೊಡೆದು ನೋಡಿ. ಒಂದು ಸಲಕ್ಕೆ ಹತ್ತು ಸೆಕೆಂಡು ಮೀರದೆ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಹೊಸ ಮೋಟಾರಿನ ಸದ್ದು ಹಳೆಯದಕ್ಕಿಂತ ಸಣ್ಣ ದನಿಯದು, ಚುರುಕಿನದು, ಅದು ದೋಷವಲ್ಲ. ಆರಂಭದಲ್ಲಿ ತೆಗೆದ ಮೂರು ಅಳತೆಗಳನ್ನು ಈಗ ಮತ್ತೆ ತೆಗೆದು, ಜೊತೆಗೆ 50ಕ್ಕೂ ಮೋಟಾರಿನ ಮೈಗೂ ನಡುವೆ 9 ವೋಲ್ಟಿಗಿಂತ ಹೆಚ್ಚು ಸಿಗುತ್ತಿದೆಯೇ ನೋಡಿ. ಎಲ್ಲವೂ ಸರಿಯಿದ್ದರೆ ಕಾಯಿಲ್ ವೈರು ಸೇರಿಸಿ ಸ್ಟಾರ್ಟ್ ಮಾಡಿ. ನಿಜವಾದ ಪರೀಕ್ಷೆ ಮಾತ್ರ ಬಿಸಿಲಿನಲ್ಲಿ ಅರ್ಧ ಗಂಟೆ ಓಡಿಸಿ, ಹತ್ತು ನಿಮಿಷ ನಿಲ್ಲಿಸಿದ ಮೇಲಿನದು. ಆಗ ಸೆಲ್ಫ್ ಹೊಡೆದ ಕೂಡಲೇ ಥಿಂಬಲ್ಲುಗಳ ಹತ್ತಿರ ಕೈಯಿಟ್ಟು ನೋಡಿ. ಪಕ್ಕದ ಕೇಬಲ್ಲಿಗಿಂತ ಒಂದು ಜಾಗ ಹೆಚ್ಚು ಬಿಸಿಯಾಗಿದ್ದರೆ ಆ ಜೋಡಣೆಯನ್ನು ಮತ್ತೆ ಮಾಡಬೇಕು.

ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ನಟ್ಟುಗಳನ್ನೂ ಒಮ್ಮೆ ಬಿಗಿದು ನೋಡಿ. ಗಣಿ ಲಾರಿಗಳ ದಾರಿಯಲ್ಲಿ ಓಡುವ ಗಾಡಿಯಾದರೆ ಕೆಂಧೂಳು ಮೋಟಾರಿನ ಮೂತಿಯೊಳಗೂ ಸೇರುತ್ತದೆ. ಪಿನಿಯನ್ನಿನ ಶಾಫ್ಟಿಗೆ ಎಣ್ಣೆ ಅಥವಾ ಗ್ರೀಸ್ ಮೆತ್ತಿದರೆ ಧೂಳು ಅದಕ್ಕಂಟಿ ಕೆಸರಾಗುತ್ತದೆ, ಆದ್ದರಿಂದ ಅದನ್ನು ಒಣಗಿಸಿಯೇ ಇಡಬೇಕು. ವಾಟರ್ ಸರ್ವೀಸಿಗೆ ಬಿಟ್ಟಾಗ ಪೈಪಿನ ನೀರನ್ನು ಸೊಲೆನಾಯ್ಡಿನ ಕಡೆ ತಿರುಗಿಸದಂತೆ ಹುಡುಗರಿಗೆ ನಿಂತು ಹೇಳಿ.